ಕೌಬಾಯ್‌ಗಳ ದುಡಿಮೆಯ ಚಿತ್ರ ತೆಗೆಯಲು ಹೊರಟವರಿಗೆ

ಸವಾರಿ, ಹಗ್ಗ ಬೀಸುವ ಸ್ಪರ್ಧೆಗಳ ರೋಡಿಯೊ ಪಂದ್ಯ ಬೇಡ, ದನ ಸಾಕುವ ವಿಶಾಲ ರ‍್ಯಾಂಚ್‌ಗಳಲ್ಲಿ ನಿಜವಾಗಿ ದುಡಿಯುವ ಕೌಬಾಯ್‌ಗಳ ಚಿತ್ರ ತೆಗೆಯಬೇಕು, ಒಳಗೆ ಬಿಡುತ್ತಾರೆಯೇ, ಯಾವ ಲೆನ್ಸ್ ತರಲಿ ಎಂದು ಕೇಳಿದ್ದೀರಿ.

ಬಿಡುತ್ತಾರೆ. ಆದರೆ ಮೊದಲ ಭೇಟಿಯಲ್ಲಿ ಕ್ಯಾಮೆರಾ ಕಾರಿನಲ್ಲೇ ಇರಲಿ.

ನಾನು ತರೀಕೆರೆ ಕಡೆಯವನು, ಈಗ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ಓವೈಹಿ ಕೌಂಟಿಯ ಕುರುಚಲು ಬಯಲು ಶುರುವಾಗುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಅಮೃತಮಹಲ್ ಕಾವಲು ಕಣ್ಣ ಮುಂದೆ ಬಂತು. ಇಲ್ಲಿಯ ದನಗಾಹಿಗಳು ತಮ್ಮನ್ನು ‘ಬಕರೂ’ ಎಂದು ಕರೆದುಕೊಳ್ಳುತ್ತಾರೆ. ಸ್ಪ್ಯಾನಿಷ್‌ನ ‘ವಾಕೇರೊ’ ಇವರ ಬಾಯಲ್ಲಿ ಹೀಗಾಗಿದೆ.

ತೆರೆದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿ. ದನ ಎಷ್ಟಿವೆ ಎಂದು ಮಾತ್ರ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದಷ್ಟೇ ಕೆಟ್ಟದ್ದು. ಮೊದಲ ವರ್ಷ ನಾನು ಒಳ್ಳೆಯ ಕೋನ ಸಿಕ್ಕಿತೆಂದು ದೊಡ್ಡಿಯ ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟೆ. ಎಲ್ಲಕ್ಕೂ ಮುಂದಿದ್ದ ಹಸು ನನ್ನನ್ನು ಕಂಡು ಬೆದರಿತು, ಇಡೀ ಮಂದೆ ಹಿಂದಕ್ಕೆ ತಿರುಗಿತು. ಯಾರೂ ಬೈಯಲಿಲ್ಲ. ಆರು ಕುದುರೆಗಳು ಮತ್ತೆ ಸುತ್ತು ಹಾಕಿ ದನಗಳನ್ನು ತರುವವರೆಗೆ ಬೇಲಿಯ ಆಚೆ ನಿಂತು ನೋಡಿದ್ದು ಇಂದಿಗೂ ನೋವು ಕೊಡುತ್ತದೆ.

ಚಿತ್ರಕ್ಕೆ ಹೇಳಿ ಮಾಡಿಸಿದ ಕೆಲಸವೆಂದರೆ ವಸಂತದಲ್ಲಿ ಕರುಗಳಿಗೆ ಮುದ್ರೆ ಒತ್ತುವುದು. ಸವಾರ ಕರುವಿನ ಹಿಂಗಾಲಿಗೆ ಕುಣಿಕೆ ಬೀಸಿ, ಬೆಂಕಿಯ ಹತ್ತಿರಕ್ಕೆ ಎಳೆದು ತರುತ್ತಾನೆ. ನೆಲದ ಮೇಲಿದ್ದವರು ಅದನ್ನು ಅದುಮಿ ಹಿಡಿದು, ಲಸಿಕೆ ಚುಚ್ಚಿ, ಕಾದ ಕಬ್ಬಿಣ ಒತ್ತುತ್ತಾರೆ. ಸುಟ್ಟ ಕೂದಲಿನ ಹೊಗೆ ಕಣ್ಣಿಗೆ ಅಡರುತ್ತದೆ, ತಾಯಿ ಹಸುಗಳ ಕೂಗು ನಿಲ್ಲುವುದೇ ಇಲ್ಲ. ಹಗ್ಗ ಎಳೆಯುವ ದಾರಿಯಲ್ಲಿ ಎಂದೂ ನಿಲ್ಲಬೇಡಿ.

ಟೆಕ್ಸಸ್‌ನಲ್ಲಿ ಹಗ್ಗದ ತುದಿಯನ್ನು ಜೀನಿನ ಮುಂದುಗಡೆ ಎದ್ದು ನಿಂತ ಗೂಟಕ್ಕೆ, ಅಂದರೆ ಜೀನಿನ ಕೊಂಬಿಗೆ ಕಟ್ಟಿಯೇ ಇಡುವ ರೂಢಿಯಿದೆ. ಇಲ್ಲಿಯವರು ಅರವತ್ತು ಅಡಿಯ ಹಗ್ಗವನ್ನೂ ಬೀಸುತ್ತಾರೆ, ಕರು ಸಿಕ್ಕ ಮೇಲೆ ಜೀನಿನ ಕೊಂಬಿಗೆ ಸುತ್ತುತ್ತಾರೆ. ಆ ಸುತ್ತಿನೊಳಗೆ ಹೆಬ್ಬೆರಳು ಸಿಕ್ಕಿದರೆ ಹೋಯಿತು. ನನಗೆ ಪರಿಚಯವಾದ ಹಿರಿಯರೊಬ್ಬರ ಬಲ ಹೆಬ್ಬೆರಳಿನ ಮೇಲಿನ ಗೆಣ್ಣೇ ಇರಲಿಲ್ಲ. ಮೂರನೆಯ ವರ್ಷ ಅವರೇ, ಚಹಾ ಲೋಟದಷ್ಟು ಸಲೀಸಾಗಿ ಹಗ್ಗದ ಸುರುಳಿ ಹಿಡಿದ ಆ ಕೈಯನ್ನು ಮುಂದೆ ಚಾಚಿ, ‘ಇದನ್ನು ತೆಗೆ’ ಎಂದರು. ನಾನು ತೆಗೆದ ಚಿತ್ರಗಳಲ್ಲಿ ಅದರಷ್ಟು ನನಗೆ ಪ್ರಿಯವಾದದ್ದು ಇನ್ನೊಂದಿಲ್ಲ.

ಲೆನ್ಸ್ ವಿಷಯಕ್ಕೆ ಬರುತ್ತೇನೆ. ಒಂದು ಕ್ಯಾಮೆರಾಕ್ಕೆ ಹತ್ತಿರದ ಚಿತ್ರಗಳಿಗೆ 35 ಮಿ.ಮೀ., ಇನ್ನೊಂದಕ್ಕೆ ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಲೆನ್ಸ್ ಹಾಕಿಕೊಂಡೇ ಬನ್ನಿ. ದೊಡ್ಡಿಯ ದೂಳಿನಲ್ಲಿ ಲೆನ್ಸ್ ಬದಲಾಯಿಸಬೇಡಿ. ಬಿಸಿಲೇರಿದ ಮೇಲೆ ಟೋಪಿಯ ನೆರಳಲ್ಲಿ ಮುಖ ಕಪ್ಪಾಗುತ್ತದೆ. ಆಗ ಕುಕ್ಕರುಗಾಲಿನಲ್ಲಿ ಕುಳಿತು ತೆಗೆಯಿರಿ, ಬಿಳಿ ನೆಲದಿಂದ ಪುಟಿದ ಬೆಳಕು ಗಲ್ಲದ ಕೆಳಗೆ ತುಂಬಿಕೊಂಡಿರುವುದು ಕಾಣುತ್ತದೆ. ಮುಖಕ್ಕೆ ಬೆಳಕು ಹೊಂದಿಸಿ, ಆಕಾಶ ಬಿಳಿಚಿಕೊಂಡರೆ ಚಿಂತೆಯಿಲ್ಲ.

ಅರ್ವಿನ್ ಸ್ಮಿತ್ ಅವರ ಚಿತ್ರಗಳನ್ನು ತಪ್ಪದೆ ನೋಡಿ. 1905ರಿಂದ 1912ರ ಅವಧಿಯಲ್ಲಿ ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾಗಳಲ್ಲಿ ತೆಗೆದವು; ಫೋರ್ಟ್ ವರ್ತ್‌ನ ಏಮನ್ ಕಾರ್ಟರ್ ಸಂಗ್ರಹಾಲಯದಲ್ಲಿವೆ. ಅವರು ತಾವೂ ದನಗಳ ಹಿಂದೆ ಕುದುರೆ ಓಡಿಸಿದವರು, ಆದ್ದರಿಂದಲೇ ಹೆಚ್ಚಿನ ಚಿತ್ರಗಳಲ್ಲಿ ಯಾರೂ ಕ್ಯಾಮೆರಾ ಕಡೆಗೆ ತಿರುಗಿ ನಿಂತಂತೆ ಕಾಣುವುದಿಲ್ಲ.

ಪರಿಚಯ ಬೆಳೆಸಲು ನೆವಾಡದ ಎಲ್ಕೊ ಊರಿಗೆ ಬನ್ನಿ. 1985ರಿಂದ ಅಲ್ಲಿ ಚಳಿಗಾಲದಲ್ಲಿ ಕೌಬಾಯ್ ಕವಿಗಳ ಸಮ್ಮೇಳನ ನಡೆಯುತ್ತಿದೆ. ಕವಿತೆ ಓದಲು ಬಂದವರಲ್ಲಿ ಅನೇಕರು ವಸಂತದಲ್ಲಿ ದೊಡ್ಡಿಯ ಕೆಲಸಕ್ಕಿಳಿಯುವವರೇ. ಕೆಲಸದ ದಿನ ಕರೆದರೆ ಬೆಳಗಾಗುವ ಮೊದಲೇ ತಲುಪಿ. ಲಸಿಕೆಯ ಸಿರಿಂಜ್ ಕೈಗೆ ಕೊಟ್ಟರೆ ಕ್ಯಾಮೆರಾ ಕೆಳಗಿಟ್ಟು ತೆಗೆದುಕೊಳ್ಳಿ. ಚಿತ್ರಗಳನ್ನು ಮೊಬೈಲ್‌ಗೆ ಕಳಿಸಿ ಸುಮ್ಮನಾಗಬೇಡಿ, ಕಾಗದದ ಮೇಲೆ ಮುದ್ರಿಸಿ ಮರುವರ್ಷ ನೀವೇ ಒಯ್ದು ಕೊಡಿ. ನಾನು ಕೊಟ್ಟವು ಜೀನುಗಳನ್ನಿಡುವ ಕೋಣೆಯ ಗೋಡೆಯಲ್ಲಿ, ಲಾಳದ ಮೊಳೆ ಹೊಡೆಸಿಕೊಂಡು ನಿಂತಿವೆ.