ಎರಡನೆಯ ಪುಟವನ್ನು ಮತ್ತೆ ಬರೆಯಿರಿ

ಪ್ರಿಯರೇ,

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಮೋಟಾರು ಕಾರ್ಖಾನೆಯ ಕುರಿತು ನೀವು ಕಳುಹಿಸಿದ ಪ್ರಬಂಧ ಓದಿದೆ. ಭಾಷೆ ಚೊಕ್ಕವಾಗಿದೆ. ಬೆಳಗಿನ ಪಾಳಿಗೆ ಹೆಂಗಸರು ಬಸ್ಸಿಳಿದು ಬರುವ ಚಿತ್ರವೂ ಚೆನ್ನಾಗಿದೆ. ಎರಡನೆಯ ಪುಟ ಮಾತ್ರ ನನ್ನನ್ನು ಕೆರಳಿಸಿತು.

'ಗಟ್ಟಿ ಕಬ್ಬಿಣದ ದಿಂಡನ್ನು ಕೊರೆದು ಸ್ಟೇಟರ್ ಮಾಡುತ್ತಾರೆ' ಎಂದಿದ್ದೀರಿ. ಮೋಟಾರಿನಲ್ಲಿ ತಿರುಗದೆ ನಿಂತಿರುವ ಭಾಗವಾದ ಸ್ಟೇಟರನ್ನು ಹಾಗೆ ಮಾಡುವುದಿಲ್ಲ, ಖಂಡಿತ ಇಲ್ಲ. ಬದಲಾಗುತ್ತಿರುವ ಕಾಂತಕ್ಷೇತ್ರ ಗಟ್ಟಿ ಕಬ್ಬಿಣದೊಳಗೆ ಸುಳಿ ಪ್ರವಾಹವನ್ನು, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ತನ್ನು, ಹುಟ್ಟಿಸುತ್ತದೆ. ಅದು ಯಾವ ಕೆಲಸಕ್ಕೂ ಬಾರದೆ ಶಾಖವಾಗಿ ಹೋಗುತ್ತದೆ. ಅದನ್ನು ತಡೆಯಲೆಂದೇ ಸಿಲಿಕಾನ್ ಬೆರೆತ ಉಕ್ಕಿನ ತಗಡನ್ನು, ಸಾಮಾನ್ಯವಾಗಿ 0.5 ಅಥವಾ 0.35 ಮಿ.ಮೀ. ದಪ್ಪದ್ದನ್ನು, ಪ್ರೆಸ್ಸಿನಲ್ಲಿ ಕತ್ತರಿಸಿ ಒಂದರ ಮೇಲೊಂದು ಪೇರಿಸಿ ಬಿಗಿಯುತ್ತಾರೆ. ತಗಡು ತಗಡಿನ ನಡುವೆ ನಿರೋಧಕ ಲೇಪನವಿರುತ್ತದೆ. ದಪ್ಪ ಅರ್ಧವಾದರೆ ಸುಳಿ ಪ್ರವಾಹದ ನಷ್ಟ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನೀವು ಅಲ್ಲೇ ನಿಂತಿದ್ದಿರಿ. ಹೀಗೆ ತಗಡು ಪೇರಿಸಿ ಮಾಡಿದ ಕೋರಿನ ಹೊರಮೈಯನ್ನು ಒಮ್ಮೆ ಮುಟ್ಟಿ ನೋಡಬಾರದಿತ್ತೇ? ತಗಡಿನ ಗೆರೆಗಳು ಬೆರಳಿಗೆ ಸಿಗುತ್ತಿದ್ದವು.

ಮುಂದಿನ ಸಾಲು: 'ತಾಮ್ರದ ತಂತಿ ಮಾಯೆಯಂತೆ ಸೀಳುಗಳೊಳಗೆ ಇಳಿಯಿತು.' ಯಾರು ಇಳಿಸಿದರು? ಮೊದಲು ಸ್ಲಾಟಿನೊಳಗೆ, ಅಂದರೆ ಆ ಸೀಳಿನೊಳಗೆ, ನಿರೋಧಕ ಕಾಗದ ಕೂರಿಸಬೇಕು, ಎರಡೂ ತುದಿಯಲ್ಲಿ ಕೊಂಚ ಹೊರಚಾಚುವಂತೆ. ಇಲ್ಲವಾದರೆ ಕೋರಿನ ಚೂಪು ಅಂಚು ತಂತಿಯ ಎನಾಮೆಲ್ ಲೇಪನವನ್ನು ಕೆರೆದು ವೈಂಡಿಂಗ್, ಅಂದರೆ ತಂತಿಯ ಸುತ್ತು, ಅರ್ತ್ ಆಗುತ್ತದೆ, ವಿದ್ಯುತ್ತು ಕೋರಿಗೆ ಹರಿಯುತ್ತದೆ. ಅಚ್ಚಿನ ಮೇಲೆ ಸುತ್ತಿದ ಕಾಯಿಲಿನ ಎಳೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸ್ಲಾಟಿನ ಕಿರಿದಾದ ಬಾಯಿಯೊಳಗೆ ನುಸುಳಿಸಬೇಕು. ಮೇಲೆ ಬೆಣೆ, ದಾರದ ಕಟ್ಟು, ಕೊನೆಗೆ ವಾರ್ನಿಷ್ ಮತ್ತು ಓವನ್. ಮೊದಲ ಪುಟದಲ್ಲಿ ಬಸ್ಸಿಳಿದ ಹೆಂಗಸರ ಕೈಯ ಕೆಲಸವನ್ನೆಲ್ಲ ನೀವು ಮಾಯೆಗೆ ಬರೆದುಕೊಟ್ಟಿದ್ದೀರಿ. ಇದನ್ನು ನಾನು ಒಪ್ಪಲಾರೆ.

ನಾನು ಪತ್ರಿಕೆಯ ಕೆಲಸ ಕಲಿತದ್ದು ಮಂಡ್ಯದಲ್ಲಿ. ಬೇಸಿಗೆ ಬಂದರೆ ಕಬ್ಬಿನ ಗದ್ದೆಗಳಿಂದ ಸುಟ್ಟ ಪಂಪ್‌ಸೆಟ್‌ಗಳು ರಿವೈಂಡಿಂಗ್ ಅಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದವು. ನಮ್ಮ ಸಂಪಾದಕರು ಅಂಥದೊಂದು ಅಂಗಡಿಯಲ್ಲಿ ನನ್ನನ್ನು ಕೂರಿಸಿ, ಬರೆಯಬೇಡ, ನೋಡು ಎಂದು ಹೇಳಿ ಹೋದರು. ಸುಟ್ಟ ಕಾಯಿಲನ್ನು ಬಿಚ್ಚುವಾಗ ಮೇಸ್ತ್ರಿ ಸುತ್ತು ಎಣಿಸಿ, ತಂತಿಯ ಗೇಜ್ ಅಳೆದು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಹಳೆಯ ತಂತಿ ಸುಲಭವಾಗಿ ಬರಲೆಂದು ಕೋರಿಗೆ ಬೆಂಕಿ ಹಚ್ಚಲು ಹೊರಟ ಹುಡುಗನನ್ನು ಗದರಿದರು: ತಗಡಿನ ಲೇಪನ ಸುಟ್ಟುಹೋದರೆ ಎಷ್ಟು ಚೆನ್ನಾಗಿ ಸುತ್ತಿದರೂ ಮೋಟಾರು ಬಿಸಿಯಾಗುತ್ತದೆ. ಸ್ಟೇಟರ್ ಎಂದರೇನೆಂದು ನನಗೆ ತಿಳಿದದ್ದು ಆ ಗದರಿಕೆಯಿಂದ.

ಮತ್ತೊಮ್ಮೆ ಕಾರ್ಖಾನೆಗೆ ಹೋಗಿ. ಅನುಮತಿ ಕೇಳಿ ವೈಂಡಿಂಗ್ ಮೇಜಿನ ಪಕ್ಕ ಕುಳಿತು, ಒಬ್ಬಾಕೆ ಒಂದು ಸ್ಟೇಟರ್ ಮುಗಿಸುವವರೆಗೂ ನೋಡಿ. ಆ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ, ನಾನು ಕಾಯುತ್ತಿರುತ್ತೇನೆ.