ತಾತನ ಮಾಳಿಗೆ ಮನೆ ಕೆಡವಬೇಕಾ?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ತಾತನ ಕಾಲದ ಮಣ್ಣಿನ ಗೋಡೆಯ ಮಾಳಿಗೆ ಮನೆ. ಇನ್ನೆರಡು ರೂಮು ಬೇಕು. ಮೇಸ್ತ್ರಿ ಪೂರ್ತಿ ಕೆಡವಿ ಅಂತಾರೆ. ಏನು ಮಾಡಲಿ?

ಉತ್ತರ: ಸುಮ್ನೆ ಕೆಡವಬೇಡಿ. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪಾಗಿರುವುದು ಆ ದಪ್ಪ ಗೋಡೆಯಿಂದಲೇ ಅಲ್ವಾ? ಆದರೆ ಅದರ ಮೇಲೆ ಮಹಡಿ ಏರಿಸಬೇಡಿ, ಹೊಸ ರೂಮುಗಳನ್ನು ಹಿತ್ತಲಲ್ಲಿ ಬೇರೆ ಪಾಯ ಹಾಕಿಸಿ ಕಟ್ಟಿಸಿ. ಹಳೇ ಗೋಡೆಗೆ ಯಾರಾದರೂ ಸಿಮೆಂಟ್ ಬಳಿದಿದ್ದರೆ ಬುಡದಲ್ಲಿ ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ ಅಂತ ಅರ್ಥ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗೆ ಮಣ್ಣು ಉದುರುತ್ತದೆ. ಅದನ್ನು ಕಿತ್ತು ಸುಣ್ಣದ ಗಾರೆ ಮಾಡಿಸಿ. ಕೋಟೆಯಲ್ಲಿ ಮಳೆನೀರು ಹಿಡಿಯುವ ಅಕ್ಕ-ತಂಗಿ ಹೊಂಡ ಇರುವ ಊರಿನವರಿಗೆ ಮಳೆನೀರಿನ ಪಾಠ ಬೇಕಿಲ್ಲ, ಆದರೂ ಲೆಕ್ಕ ಹೇಳುತ್ತೇನೆ: ಹೊಸ ತಾರಸಿ 500 ಚದರಡಿ ಇದ್ದರೆ 10 ಮಿಲಿಮೀಟರ್ ಮಳೆಗೆ ಸುಮಾರು 400 ಲೀಟರ್ ಸಿಗುತ್ತದೆ. ಮೊದಲ ಮಳೆಯ ನೀರು ಮಾತ್ರ ಹೊರಗೆ ಬಿಡಿ.