ಓದುಗರ ಪ್ರಶ್ನೆ: ಮೇಷ್ಟ್ರ ಸಂಬಳದಲ್ಲಿ ಮಗಳನ್ನು ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ ಕಳಿಸಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ಮಗಳು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಅವಳಿಗೆ ಫಿಸಿಕ್ಸ್ ಇಷ್ಟ, ಇತಿಹಾಸವೂ ಅಷ್ಟೇ ಇಷ್ಟ. ಬಾಸ್ಟನ್‌ನಲ್ಲಿರುವ ನಮ್ಮ ಅಕ್ಕನ ಮಗ ಆಮ್ಹರ್ಸ್ಟ್, ವಿಲಿಯಮ್ಸ್, ಸ್ಮಿತ್ ಕಾಲೇಜುಗಳಿಗೆ ಅರ್ಜಿ ಹಾಕಿಸಿ ಅನ್ನುತ್ತಾನೆ. ಇವು ಲಿಬರಲ್ ಆರ್ಟ್ಸ್ ಕಾಲೇಜುಗಳಂತೆ, ಅಂದರೆ ವಿಜ್ಞಾನ, ಸಾಹಿತ್ಯ, ಇತಿಹಾಸ ಎಲ್ಲವನ್ನೂ ಬೆರೆಸಿ ಓದಲು ಬಿಡುವ ಚಿಕ್ಕ ಪದವಿ ಕಾಲೇಜುಗಳು. ನೋಡಿದರೆ ಅವು ಯೂನಿವರ್ಸಿಟಿಯೇ ಅಲ್ಲ, ಕೊಡುವುದು ಬಿ.ಎ. ಡಿಗ್ರಿ. ಖರ್ಚು ವರ್ಷಕ್ಕೆ 70 ಲಕ್ಷ ರೂಪಾಯಿ ದಾಟುತ್ತದೆ. ನಮ್ಮಂಥವರಿಗೆ ಇದು ಆಗುವ ಮಾತಾ?

ಉತ್ತರ: ಮೇಷ್ಟ್ರೇ, ಮೊದಲು ದುಡ್ಡಿನ ವಿಷಯ ಮಾತಾಡೋಣ. ಆ 70 ಲಕ್ಷ ನೋಡಿ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ. ಈ ಕಾಲೇಜುಗಳಲ್ಲಿ ವೆಬ್‌ಸೈಟಿನಲ್ಲಿ ಹಾಕಿರುವ ಫೀಸು ಒಂದು, ಪ್ರತಿಯೊಂದು ಮನೆಯವರು ಕಟ್ಟುವ ಹಣ ಇನ್ನೊಂದು.

ಆಮ್ಹರ್ಸ್ಟ್ ಕಾಲೇಜು ವಿದೇಶಿ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುವಾಗಲೂ ಅಪ್ಪ ಅಮ್ಮನ ಆದಾಯ ನೋಡುವುದಿಲ್ಲ. ಮೇನ್ ರಾಜ್ಯದ ಬೋಡನ್ ಕಾಲೇಜು 2022ರಲ್ಲಿ ಇದೇ ನಿಯಮ ತಂದಿತು. ಸೀಟು ಕೊಟ್ಟ ಮೇಲೆ ಮನೆಯ ಲೆಕ್ಕ ಹಾಕಿ, ನಿಮ್ಮ ಕೈಲಾಗದಷ್ಟನ್ನು ಕಾಲೇಜೇ ಭರಿಸುತ್ತದೆ. ಆಮ್ಹರ್ಸ್ಟ್‌ನಲ್ಲಿ ಇದು ಸಾಲವಲ್ಲ, ಮರಳಿ ಕಟ್ಟಬೇಕಿಲ್ಲದ ನೆರವು. ವಿಲಿಯಮ್ಸ್ ಮತ್ತು ಸ್ಮಿತ್ ಕೂಡ ಸೀಟು ಸಿಕ್ಕವರ ಅಗತ್ಯವನ್ನು ಪೂರ್ತಿ ನೋಡಿಕೊಳ್ಳುತ್ತವೆ. ಆದರೆ ವಿದೇಶಿ ವಿದ್ಯಾರ್ಥಿಗಳನ್ನು ಆರಿಸುವಾಗ ಎಷ್ಟು ನೆರವು ಬೇಕು ಅನ್ನುವುದನ್ನೂ ಗಮನಿಸುತ್ತವೆ. ನಿಮ್ಮಂಥ ಮನೆಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ಪಟ್ಟಿ ಮಾಡುವಾಗ ರ‍್ಯಾಂಕಿಂಗ್‌ಗಿಂತ ಮೊದಲು ಇದನ್ನು ನೋಡಿ.

ನೆರವು ಬೇಕು ಅಂದರೆ ಸೀಟು ಕೈತಪ್ಪುತ್ತದೆ ಅಂತ ಹೆದರಿ ಅದನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿಯ ಜೊತೆಗೇ ಕೇಳದಿದ್ದರೆ ಆಮೇಲೆ ಕೇಳಲು ವಿದೇಶಿ ವಿದ್ಯಾರ್ಥಿಗಳಿಗೆ ಅವಕಾಶ ಕೊಡದ ಕಾಲೇಜುಗಳು ಹಲವು. ಸಿಎಸ್ಎಸ್ ಪ್ರೊಫೈಲ್ ಎಂಬ ಆನ್‌ಲೈನ್ ಫಾರ್ಮ್‌ನಲ್ಲಿ ಸಂಬಳ, ಜಮೀನು, ಮನೆ ಸಾಲ, ಉಳಿತಾಯ ಎಲ್ಲ ತುಂಬಬೇಕು. ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆದಿಡಿ. ಅರ್ಜಿಯ ಕೊನೆಯ ದಿನ ಹೆಚ್ಚಾಗಿ ಜನವರಿ ಮೊದಲ ವಾರದಲ್ಲಿ ಬರುತ್ತದೆ.

ಇನ್ನು ಬಿ.ಎ. ವಿಷಯ. ನಮ್ಮಲ್ಲಿ ಆರ್ಟ್ಸ್ ಅಂದರೆ ಸೈನ್ಸ್ ಬಿಟ್ಟವರು ಅಂತ ಅರ್ಥ. ಅಲ್ಲಿ ಹಾಗಲ್ಲ. ಆಮ್ಹರ್ಸ್ಟ್‌ನಲ್ಲಿ ಫಿಸಿಕ್ಸ್ ಓದಿದರೂ ಬಿ.ಎ., ಗಣಿತ ಓದಿದರೂ ಬಿ.ಎ. ಹೆರಾಲ್ಡ್ ವಾರ್ಮಸ್ ಇದೇ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1961ರಲ್ಲಿ ಪದವಿ ಪಡೆದರು. ಆಮೇಲೆ ಡಾಕ್ಟರಾದರು. ಕ್ಯಾನ್ಸರ್ ಜೀನ್‌ಗಳ ಸಂಶೋಧನೆಗೆ 1989ರಲ್ಲಿ ಅವರಿಗೆ ನೊಬೆಲ್ ಬಂತು.

ಯೂನಿವರ್ಸಿಟಿ ಅಲ್ಲ ಅನ್ನುವುದೇ ಇವುಗಳ ಬಲ. ಆಮ್ಹರ್ಸ್ಟ್‌ನಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳೇ ಇಲ್ಲ. ಇಡೀ ಕಾಲೇಜಿನಲ್ಲಿ ಇರುವುದು ಎರಡು ಸಾವಿರದ ಆಸುಪಾಸು ಹುಡುಗರು. ಹಾಗಾಗಿ ಪ್ರೊಫೆಸರ್ ತಾವೇ ಪಾಠ ಮಾಡುತ್ತಾರೆ, ತಾವೇ ಪೇಪರ್ ತಿದ್ದುತ್ತಾರೆ. ವಿಲಿಯಮ್ಸ್‌ನ ಟ್ಯುಟೋರಿಯಲ್ ತರಗತಿ ನನಗೆ ಬಹಳ ಮೆಚ್ಚುಗೆ. ಅದರಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರೊಫೆಸರ್. ಈ ವಾರ ಒಬ್ಬರು ಪ್ರಬಂಧ ಬರೆದು ತರುತ್ತಾರೆ, ಇನ್ನೊಬ್ಬರು ಅದರ ಸರಿ ತಪ್ಪು ಹೇಳಬೇಕು. ಮುಂದಿನ ವಾರ ಅದಲು ಬದಲು. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬರಲು ದಾರಿಯೇ ಇಲ್ಲ. ಮಾತಾಡಲು ಹಿಂಜರಿಯುವ ಮಕ್ಕಳಿಗೆ ಮೊದಲ ವರ್ಷ ಕಷ್ಟವಾಗುತ್ತದೆ, ಅದನ್ನೂ ಮಗಳಿಗೆ ಹೇಳಿ.

ಫಿಸಿಕ್ಸ್ ಮತ್ತು ಇತಿಹಾಸ ಎರಡನ್ನೂ ಅವಳು ಬಿಡಬೇಕಿಲ್ಲ. ಆಮ್ಹರ್ಸ್ಟ್‌ನಲ್ಲಿ ಮೊದಲ ವರ್ಷದ ಒಂದು ಸೆಮಿನಾರ್ ಮತ್ತು ಮುಖ್ಯ ವಿಷಯದ ಕೋರ್ಸ್‌ಗಳು ಬಿಟ್ಟರೆ ಬೇರೇನೂ ಕಡ್ಡಾಯವಿಲ್ಲ. ಮೇಲಾಗಿ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಕಾಲೇಜುಗಳೂ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಯೂ ಸೇರಿ 1965ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಸ್ಮಿತ್ ಹುಡುಗಿ ಬಸ್ ಹತ್ತಿ ಆಮ್ಹರ್ಸ್ಟ್‌ಗೆ ಹೋಗಿ ತರಗತಿಯಲ್ಲಿ ಕೂರಬಹುದು. ಮುಂದೆ ಎಂಜಿನಿಯರಿಂಗ್ ಕಡೆ ಮನಸ್ಸಾದರೆ ಸ್ಮಿತ್‌ನಲ್ಲೇ ಅದೂ ಇದೆ. ಮಹಿಳೆಯರ ಕಾಲೇಜಾದ ಸ್ಮಿತ್ 1999ರಲ್ಲೇ ಅದನ್ನು ಶುರು ಮಾಡಿತು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಆಮ್ಹರ್ಸ್ಟ್, ವಿಲಿಯಮ್ಸ್‌ನಲ್ಲಿ ನೂರು ಅರ್ಜಿಗೆ ಹತ್ತು ಸೀಟೂ ಸಿಗುವುದಿಲ್ಲ. ಅರ್ಜಿ ಹಾಕಿಸಿ, ಆದರೆ ಸಿಇಟಿ ಬಿಡಿಸಬೇಡಿ. ಇಲ್ಲಿನ ಒಂದು ಒಳ್ಳೆಯ ಬಿ.ಎಸ್ಸಿ. ಸೀಟನ್ನೂ ನೋಡಿಟ್ಟುಕೊಳ್ಳಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾರ್ಥಿ. ವರ್ಮಾಂಟ್ ರಾಜ್ಯದ ಒಂದು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಅರ್ಧ ಸ್ಕಾಲರ್‌ಶಿಪ್ ಕೊಡಿಸುತ್ತೇನೆ, ಈ ತಿಂಗಳೇ ಡಿಪಾಸಿಟ್ ಕಟ್ಟು ಅಂತ ಏಜೆಂಟ್ ಹೇಳುತ್ತಿದ್ದಾರೆ. ಕಟ್ಟಲಾ?

ಉತ್ತರ: ಈಗಲೇ ಬೇಡ, ತಮ್ಮಾ. ಆ ಭಾಗದಲ್ಲಿ ಕಾಲೇಜಿಗೆ ಬರುವ ವಯಸ್ಸಿನ ಹುಡುಗರೇ ಕಡಿಮೆಯಾಗಿದ್ದಾರೆ. ಕೂಡಿಟ್ಟ ನಿಧಿ ಇಲ್ಲದ ಚಿಕ್ಕ ಕಾಲೇಜುಗಳು ಒಂದೊಂದಾಗಿ ಮುಚ್ಚುತ್ತಿವೆ. ವರ್ಮಾಂಟ್‌ನಲ್ಲೇ 1834ರಷ್ಟು ಹಳೆಯ ಗ್ರೀನ್ ಮೌಂಟನ್ ಕಾಲೇಜು 2019ರಲ್ಲಿ ಮುಚ್ಚಿತು, ಮರುವರ್ಷ ಮಾರ್ಲ್‌ಬರೊ ಕಾಲೇಜು. ಮ್ಯಾಸಚೂಸೆಟ್ಸ್‌ನ ಮೌಂಟ್ ಐಡಾ ಕಾಲೇಜಿನ ಕಥೆ ಇನ್ನೂ ಕೆಟ್ಟದ್ದು. 2018ರ ಏಪ್ರಿಲ್‌ನಲ್ಲಿ ಮುಚ್ಚುತ್ತೇವೆ ಅಂತ ಹೇಳಿ ಮೇ ತಿಂಗಳಲ್ಲಿ ಬಾಗಿಲು ಹಾಕಿದರು. ಊರವರಿಗೇ ಅಷ್ಟು ಪರದಾಟವಾದರೆ, ವೀಸಾ ಮೇಲೆ ಹೋದ ಹುಡುಗನ ಗತಿ ಏನು?

ವಿಲಿಯಮ್ಸ್‌ನಂಥ ಕಾಲೇಜಿನ ನಿಧಿ 300 ಕೋಟಿ ಡಾಲರ್‌ಗಿಂತ ಜಾಸ್ತಿ. ನಿನಗೆ ಹೇಳಿರುವ ಕಾಲೇಜಿನ ನಿಧಿ ಎಷ್ಟು, ಕಳೆದ ಐದು ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏರಿದೆಯೋ ಇಳಿದಿದೆಯೋ ನೋಡು. ಆ ಭಾಗದ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯೂ ಇಂಗ್ಲೆಂಡ್ ಕಮಿಷನ್ ಆಫ್ ಹೈಯರ್ ಎಜುಕೇಶನ್‌ನ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಮಾನ್ಯತೆ ಸರಿಯಾಗಿದೆಯೋ ಅಥವಾ ಎಚ್ಚರಿಕೆ ಕೊಟ್ಟಿದ್ದಾರೋ ಅನ್ನುವುದೂ ಗೊತ್ತಾಗುತ್ತದೆ. ಅರ್ಧ ಸ್ಕಾಲರ್‌ಶಿಪ್ ಅನ್ನುವುದು ಹೆಚ್ಚಾಗಿ ಟ್ಯೂಷನ್ ಫೀಸಿಗೆ ಮಾತ್ರ. ರೂಮು, ಊಟ, ವಿಮೆ, ವಿಮಾನದ ಖರ್ಚು ಎಲ್ಲ ಸೇರಿಸಿ ನಾಲ್ಕು ವರ್ಷಕ್ಕೆ ಲೆಕ್ಕ ಹಾಕು. ಆ ಲೆಕ್ಕವನ್ನು ಏಜೆಂಟ್ ಬಾಯಲ್ಲಿ ಕೇಳಬೇಡ, ಕಾಲೇಜಿನ ಅಡ್ಮಿಷನ್ ಆಫೀಸಿಗೆ ನೀನೇ ಇಮೇಲ್ ಬರೆದು ತರಿಸಿಕೊ. ಉತ್ತರ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡ.